ಆಯಿ ಗುಳಿಗಿ ಎಣಿಸುವಾಗ ರೋಬೋಟ್ ಏನು ಮಾಡಬೇಕು?

ಕಾರ್ಖಾನೆಯ ರೋಬೋಟ್‌ಗೆ ಬೋಲ್ಟ್ ಬಿಗಿಯೋದು ಗೊತ್ತಿದ್ದರೆ ಸಾಕು. ಮನೆಯೊಳಗೆ ಬರುವ ರೋಬೋಟ್‌ಗೆ ಜನರ ಮುಖ ನೋಡೋದು, ಮಾತು ಕೇಳೋದು, ತನ್ನ ಸರದಿ ಬರೋವರೆಗೆ ಸುಮ್ನೆ ಇರೋದೂ ಗೊತ್ತಿರಬೇಕು. ಇಂಥದ್ದಕ್ಕೆ ಸಾಮಾಜಿಕ ರೋಬೋಟ್ ಅಂತಾರೆ. 1990ರ ದಶಕದ ಕೊನೆಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಬ್ರೆಝೀಲ್ ಕಟ್ಟಿದ ಕಿಸ್ಮೆಟ್ ಅನ್ನೋ ರೋಬೋಟ್ ಬರೀ ಒಂದು ತಲೆ. ಹುಬ್ಬು, ಕಿವಿ, ತುಟಿ ಆಡಿಸುತ್ತಿತ್ತು. ಮಾತಿನ ಅರ್ಥ ತಿಳಿಯದಿದ್ದರೂ ದನಿಯ ಏರಿಳಿತ ಹಿಡಿದು, ಹೊಗಳಿದ್ದೋ ಗದರಿದ್ದೋ ಅಂತ ಗುರುತಿಸುತ್ತಿತ್ತು.

ರೂಪ ಆರಿಸುವಾಗ ನೆನಪಿಡಬೇಕಾದದ್ದು ಪಾರೋ. ಜಪಾನಿನ ತಕನೋರಿ ಶಿಬಾತಾ ಮಾಡಿದ ಈ ರೋಬೋಟ್ ನೋಡೋಕೆ ಸೀಲ್ ಮರಿಯ ಹಾಗೆ, ಮೈತುಂಬ ಬಿಳಿ ತುಪ್ಪಳ. ಸೀಲ್ ಯಾಕೆ? ಬೆಕ್ಕು, ನಾಯಿ ಹೇಗೆ ನಡೆದುಕೊಳ್ಳುತ್ತವೆ ಅಂತ ಎಲ್ಲರಿಗೂ ಗೊತ್ತು. ರೋಬೋಟ್ ಬೆಕ್ಕು ಸ್ವಲ್ಪ ತಪ್ಪಿದರೂ ಮನಸ್ಸು ಒಪ್ಪಲ್ಲ. ಸೀಲ್ ಸಾಕಿದವರು ಎಷ್ಟು ಜನ ಇದ್ದಾರೆ? ಹೋಲಿಸಿ ನೋಡೋಕೆ ಏನೂ ಇಲ್ಲ. ಮನುಷ್ಯನ ಮುಖ ಹಾಕಿದರಂತೂ ಕಷ್ಟ ಇನ್ನೂ ಜಾಸ್ತಿ. ಮನುಷ್ಯನಂತೆಯೇ ಕಂಡು, ಎಲ್ಲೋ ಒಂಚೂರು ತಪ್ಪಿದರೆ ಮೈ ಜುಂ ಅನ್ನುತ್ತೆ ಅಂತ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು.

ಇನ್ನು ಮಾತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಪ್ರೋಗ್ರಾಂ ಬರೆಯೋ ಮೊದಲು, ರೋಬೋಟ್ ಪರವಾಗಿ ಮನುಷ್ಯನೇ ಮರೆಯಲ್ಲಿ ಕೂತು ಮಾತಾಡಿ ನೋಡುವ ಒಂದು ವಿಧಾನ ಇದೆ. ಕಲಬುರಗಿಯ ನಮ್ಮ ಮನೆಯಲ್ಲಿ ಅದನ್ನೇ ಮಾಡಿದೆ. ರಟ್ಟಿನ ಡಬ್ಬಿಗೆ ಎರಡು ಕಣ್ಣು ಅಂಟಿಸಿ, ಒಳಗೆ ಫೋನ್ ಇಟ್ಟೆ. ಡಬ್ಬಿ ಮಾತಾಡುತ್ತೆ, ನಡೆದದ್ದನ್ನು ಬರೆದುಕೊಳ್ಳುತ್ತೀನಿ ಅಂತ ಆಯಿಗೆ, ಅಂದರೆ ನಮ್ಮಜ್ಜಿಗೆ, ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆ. ಮಾತಾಡಿದ್ದು ಯಾರು ಅಂತ ಆಮೇಲೆ ಹೇಳಿದೆ. ಇದನ್ನು ನೀವೂ ಬಿಡಬೇಡಿ.

ಅಡುಗೆಮನೆಯಿಂದ ನಾನು ಕೇಳಿದೆ: "ಅಜ್ಜಿ, ನೀವು ಮಾತ್ರೆ ತೆಗೆದುಕೊಂಡಿದ್ದೀರಾ?"

ಆಯಿ ನಮ್ಮವ್ವನ ಕಡೆ ತಿರುಗಿ, "ಯಾರಿಗಿ ಕೇಳ್ಲತ್ತಾರ?" ಅಂದಳು.

"ಆಯಿ, ಬಿಪಿ ಗುಳಿಗಿ ತಗೊಂಡ್ಯೇನು?" ಅಂದೆ. ಈಗ ಆಯಿ ಡಬ್ಬಿಯನ್ನೇ ನೋಡಿದಳು. ದಿಂಬಿನ ಕೆಳಗಿಂದ ಗುಳಿಗಿ ಪಟ್ಟಿ ತೆಗೆದು, ಕಿಟಕಿ ಬೆಳಕಿಗೆ ಹಿಡಿದು, ಖಾಲಿ ಗುಳಿಗಳನ್ನು ಹೆಬ್ಬೆರಳಿಂದ ಒಂದೊಂದಾಗಿ ಒತ್ತುತ್ತಾ ಎಣಿಸತೊಡಗಿದಳು. ಉತ್ತರ ಬರಲಿಲ್ಲ ಅಂತ ನಾನು ಮತ್ತೆ ಕೇಳಿಬಿಟ್ಟೆ. ಲೆಕ್ಕ ತಪ್ಪಿತು. "ತಡಿ, ಎಣಸ್ಲತ್ತೀನಿ" ಅಂತ ಮೊದಲಿಂದ ಶುರು ಮಾಡಿದಳು.

ಇಲ್ಲಿ ಏನಾಯ್ತು ನೋಡಿ. ಸಾಮಾನ್ಯ ಮಾತುಕತೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡೋಕೆ ಹೆಚ್ಚುಕಮ್ಮಿ 200 ಮಿಲಿಸೆಕೆಂಡ್ ಸಾಕು. ಆ ಲೆಕ್ಕದಲ್ಲಿ ಆಯಿಯ ಮೌನ ತುಂಬಾ ಉದ್ದ. ಆದರೆ ಅದು ಖಾಲಿ ಮೌನ ಅಲ್ವಲ್ಲಾ, ಉತ್ತರ ಆಗಲೇ ಕೈಯಲ್ಲಿ ನಡೆದಿತ್ತು. ಮೈಕ್ ಒಂದನ್ನೇ ನಂಬಿದ ರೋಬೋಟ್‌ಗೆ ಇದು ತಿಳಿಯಲ್ಲ. ಬೇಸಿಗೆಯಲ್ಲಿ ಫ್ಯಾನು, ಕೂಲರ್ ಸದ್ದಿನ ನಡುವೆ ಆ ಮೈಕ್‌ಗೂ ಕಷ್ಟವೇ. ಕ್ಯಾಮೆರಾ ಕೈಯನ್ನು ಗಮನಿಸಬೇಕು. ರೋಬೋಟ್‌ನ ಕಣ್ಣೂ ಆ ಪಟ್ಟಿಯ ಕಡೆಗೇ ತಿರುಗಬೇಕು. ಆಗ ತಾನು ಕಾಯ್ತಾ ಇದ್ದೀನಿ ಅಂತ ಅದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮುಂದಿನ ಸಲ ಆಯಿ ಪಟ್ಟಿ ಕೈಗೆತ್ತಿಕೊಂಡ ಮೇಲೆ ನಾನು ತುಟಿ ಬಿಚ್ಚಲ್ಲ. ಎಣಿಸಿ ಮುಗಿಸಿ ಅವಳೇ ತಲೆ ಎತ್ತೋವರೆಗೆ ಎಷ್ಟು ಸೆಕೆಂಡ್ ಆಗುತ್ತೆ ಅಂತ ಬರೆದುಕೊಳ್ಳುತ್ತೀನಿ.