ಕಾಚಂಪುಳಿ ಹಾಕಿದ್ರೆ ಕೊಬ್ಬು ಎಲ್ಲಿಗೆ ಹೋಗುತ್ತೆ?

ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದು ವಾರ ಆಗಿರಲ್ಲ, ನಮ್ಮ ಕ್ಲಿನಿಕ್‌ನಲ್ಲಿ ಅದೇ ಮಾತು ಶುರುವಾಗುತ್ತೆ. "ಪಂದಿಕರಿ ತಿಂದಿದ್ದು ಹೌದು ಮೇಡಂ, ಆದ್ರೆ ಕಾಚಂಪುಳಿ ಹಾಕಿತ್ತಲ್ಲ, ಕೊಬ್ಬೆಲ್ಲ ಕರಗಿರುತ್ತೆ." (ಪಂದಿಕರಿ ಅಂದ್ರೆ ನಮ್ಮ ಕಡೆಯ ಹಂದಿಮಾಂಸದ ಕರಿ, ಕಾಚಂಪುಳಿ ಅಂದ್ರೆ ಅದಕ್ಕೆ ಹಾಕೋ, ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ.) ವಿರಾಜಪೇಟೆಲಿ ಡಯಟಿಷಿಯನ್ ಆಗಿ ಕೂತ ದಿನದಿಂದ ಇದನ್ನ ಕೇಳ್ತಾ ಇದೀನಿ, ಎಸ್ಟೇಟ್ ಓನರ್‌ಗಳೂ ಹೇಳ್ತಾರೆ, ಕಾಲೇಜು ಮೇಷ್ಟ್ರೂ ಹೇಳ್ತಾರೆ, ಒಂದ್ಸಲ ನರ್ಸ್ ಒಬ್ರೂ ಹೇಳಿದ್ರು, ಅವತ್ತು ಮಾತ್ರ ಸ್ವಲ್ಪ ಜೋರಾಗೇ ಮಾತಾಡಿಬಿಟ್ಟೆ.

ತೊಂದರೆ ಇರೋದೇ ಆ ಕರಗೋದು ಅನ್ನೋ ಪದದಲ್ಲಿ. ಬೆಣ್ಣೆ ಬಾಣಲೇಲಿ ಕರಗಿದ್ರೂ ಕರಗಿತು ಅಂತೀವಿ, ಹೊಟ್ಟೆ ಇಳಿದ್ರೂ ಕರಗಿತು ಅಂತೀವಿ. ಒಲೆ ಮೇಲೆ ಪಂದಿಕರಿ ಬೇಯುವಾಗ ಮೇಲೆ ಎಣ್ಣೆ ತೇಲುತ್ತಲ್ಲ, ಅದೇ ಕರಗಿದ ಕೊಬ್ಬು, ಕರಗಿಸಿದ್ದು ಬೆಂಕಿ, ಹುಳಿ ಅಲ್ಲ. ಕರಗಿ ಎಲ್ಲಿಗೂ ಹೋಗಿಲ್ಲ, ಗ್ರೇವಿಲೇ ಇದೆ, ನೀವು ಅಕ್ಕಿ ಉಂಡೆ ಕಡಂಬುಟ್ಟು ಮುರಿದು ಅದ್ದಿ ಅದ್ದಿ ತಿಂದಿದ್ದು ಅದನ್ನೇ. ಒಂದು ಗ್ರಾಂಗೆ 9 ಕ್ಯಾಲೊರಿ, ಗಟ್ಟಿ ಇದ್ರೂ ಅಷ್ಟೇ, ನೀರಾದ್ರೂ ಅಷ್ಟೇ.

ಸರಿ, ಹೊಟ್ಟೆ ಒಳಗಾದ್ರೂ ಹುಳಿ ಕೆಲಸ ಮಾಡಲ್ವಾ ಅಂತಾರೆ. ಮನೇಲೇ ನೋಡ್ಕೊಳ್ಳಿ. ಪಂದಿಕರಿ ಮಾಡಿದ ಪಾತ್ರೆ ತಳಕ್ಕೆ ಒಂದು ಚಮಚ ಕಾಚಂಪುಳಿ ಸುರಿದು ತಣ್ಣೀರಲ್ಲಿ ಉಜ್ಜಿ, ಜಿಡ್ಡು ಜಾರುತ್ತೇ ವಿನಾ ಬಿಡಲ್ಲ, ಆಮೇಲೆ ಸೋಪು ಹಾಕಿ. (ನಮ್ಮತ್ತೆ ಎದುರಿಗೆ ಇದನ್ನ ಮಾಡಿ ತೋರಿಸಿ, ಕಾಚಂಪುಳಿ ವೇಸ್ಟ್ ಮಾಡಿದೆ ಅಂತ ಬೈಸ್ಕೊಂಡಿದೀನಿ.) ನಮ್ಮ ಜಠರದಲ್ಲಿ ಇರೋ ಆಸಿಡ್ ಮುಂದೆ ಕಾಚಂಪುಳಿ ಏನೇನೂ ಅಲ್ಲ, ಆ ಆಸಿಡ್‌ಗೇ ಕೊಬ್ಬು ಜಗ್ಗಲ್ಲ. ಸೋಪಿನ ಕೆಲಸ ಮಾಡೋದು ಪಿತ್ತರಸ, ಲಿವರ್ ತಯಾರು ಮಾಡಿ ಗಾಲ್‌ಬ್ಲಾಡರ್ ಅನ್ನೋ ಚೀಲದಲ್ಲಿ ಇಟ್ಕೊಂಡಿರುತ್ತೆ. ಕೊಬ್ಬಿನೂಟ ಸಣ್ಣಕರುಳಿಗೆ ಇಳಿದ ಕೂಡಲೇ ಆ ಚೀಲ ಹಿಂಡಿ ಪಿತ್ತರಸ ಬರುತ್ತೆ, ಕೊಬ್ಬನ್ನ ಸಣ್ಣ ಸಣ್ಣ ಹನಿ ಮಾಡುತ್ತೆ, ಮೇದೋಜೀರಕದ ಲೈಪೇಸ್ ಅನ್ನೋ ಕಿಣ್ವ ಅದನ್ನ ಕತ್ತರಿಸುತ್ತೆ. ಅಷ್ಟಾದ್ಮೇಲೆ ಹೊರಗೆ ಹೋಗುತ್ತೆ ಅಂದ್ಕೊಂಡ್ರಾ? ಇಲ್ಲ, ಮೈಗೆ ಸೇರುತ್ತೆ. ಆರೋಗ್ಯವಂತರು 100 ಗ್ರಾಂ ಕೊಬ್ಬು ತಿಂದ್ರೆ ಸುಮಾರು 95 ಗ್ರಾಂ ಒಳಗೇ ಉಳಿಯುತ್ತೆ. ಚೆನ್ನಾಗಿ ಜೀರ್ಣ ಆಯ್ತು ಅಂದ್ರೆ ಪೂರ್ತಿ ಅಕೌಂಟಿಗೆ ಜಮಾ ಆಯ್ತು ಅಂತ. ಜೀರ್ಣ ಆಗದೆ ಜಿಡ್ಡು ಜಿಡ್ಡಾಗಿ ಹೊರಗೆ ಹೋಗ್ತಿದ್ರೆ ಖುಷಿ ಪಡಬೇಡಿ, ಡಾಕ್ಟ್ರನ್ನ ನೋಡಿ.

ಕಾಚಂಪುಳಿ ಹಣ್ಣಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆ ಅನ್ನೋದು ನಿಜ, ತೂಕ ಇಳಿಸೋ ಗಾರ್ಸೀನಿಯಾ ಮಾತ್ರೆ ಅಂತ ಮಾರೋದು ಅದನ್ನೇ. 1998ರಲ್ಲಿ ಅಮೆರಿಕದಲ್ಲಿ 135 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಅದು, ಇನ್ನೊಂದಕ್ಕೆ ಬರೀ ಸುಳ್ಳು ಮಾತ್ರೆ, 12 ವಾರ ಕೊಟ್ಟು ನೋಡಿದ್ರು, ತೂಕದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಆ ಥರ ಮಾತ್ರೆ ತಿಂದು ಲಿವರ್ ಕೆಡಿಸ್ಕೊಂಡ ಕೇಸುಗಳೂ ವರದಿಯಾಗಿವೆ. ಅಡುಗೆಗೆ ಹಾಕೋ ಚಮಚದ ಬಗ್ಗೆ ನಾನು ಈ ಮಾತು ಹೇಳ್ತಿಲ್ಲ, ಅದು ರುಚಿಗೆ, ಬಣ್ಣಕ್ಕೆ, ಕರಿ ನಾಲ್ಕು ದಿನ ಕೆಡದೆ ಇರೋದಕ್ಕೆ ಚಿನ್ನದಂಥ ವಸ್ತು. ನಾಲಿಗೆ ಮೇಲಿನ ಜಿಡ್ಡು ಹುಳಿಗೆ ಮರೆಯಾಗುತ್ತೆ, ಅದಕ್ಕೇ ಹಗುರ ಅನ್ಸಿ ಇನ್ನೆರಡು ಕಡಂಬುಟ್ಟು ಜಾಸ್ತಿ ಇಳಿಯುತ್ತೆ.

ಹೋದ ವರ್ಷ ಗೋಣಿಕೊಪ್ಪ ಕಡೆಯ ಹಿರಿಯರೊಬ್ರು ಬಂದಿದ್ರು. ಹಬ್ಬದೂಟ ಆದ ರಾತ್ರಿ ಬಲಪಕ್ಕೆಲುಬಿನ ಕೆಳಗೆ ನೋವು, ಬಲಭುಜದ ತನಕ. ಗ್ಯಾಸ್ ಅಂತ ಮೂರು ದಿನ ಬರೀ ಕಾಚಂಪುಳಿ ಕುಡ್ದಿದಾರೆ. ಅಂಥ ನೋವೆಲ್ಲ ಕಲ್ಲೇ ಅಂತ ಹೇಳಕ್ಕಾಗಲ್ಲ, ಆದ್ರೂ ಸ್ಕ್ಯಾನಿಂಗಿಗೆ ಕಳಿಸಿದೆ, ಗಾಲ್‌ಬ್ಲಾಡರ್ ತುಂಬ ಕಲ್ಲು. ಆಪರೇಷನ್ ಆಗಿ ತಿಂಗಳಾದ್ಮೇಲೆ ಬಂದು ಟೇಬಲ್ ಮೇಲೆ ಒಂದು ಬಾಟಲಿ ಇಟ್ರು, ಕಪ್ಪಗೆ, ಜೇನಿಗಿಂತ ಮಂದ.

"ನಾನಂತೂ ಕುಡಿಯಂಗಿಲ್ಲ ಅಂದ್ರಿ, ನೀವಾದ್ರೂ ಇಟ್ಕೊಳ್ಳಿ ಮೇಡಂ. ನೀವೂ ಸ್ವಲ್ಪ ದಪ್ಪ ಆಗಿದೀರ."