ಕಪ್ಪು ಅಮೆರಿಕನ್ನರ ಕಾವ್ಯವೆಂದರೆ ಬರೀ ಆಕ್ರೋಶವೇ?

ಆಫ್ರಿಕನ್ ಅಮೆರಿಕನ್ ಕಾವ್ಯದಲ್ಲಿ ಪ್ರತಿಭಟನೆಯ ಹೊರತು ಬೇರೇನಿದೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಬಹಳಷ್ಟಿದೆ ಎಂದು ಎಷ್ಟು ಸಲ ಹೇಳಿದರೂ, ಆ ಪ್ರಶ್ನೆಯ ಹಿಂದಿರುವ ನಂಬಿಕೆ ಮಾತ್ರ ಕದಲುವುದಿಲ್ಲ: ನೊಂದವರು ಎದೆಯಲ್ಲಿ ಉಕ್ಕಿದ್ದನ್ನು ಹಾಗೆಯೇ ಬರೆದಿಟ್ಟಿದ್ದಾರೆ, ಅಲ್ಲಿ ಕಾವ್ಯದ ಕಸುಬನ್ನು ಹುಡುಕಬಾರದು ಎಂಬ ನಂಬಿಕೆ. ಸಹಾನುಭೂತಿಯಿಂದ ಹೇಳಿದರೂ ಇದು ತಪ್ಪೇ.

ಈ ತಪ್ಪು ಹಳೆಯದು. ಪಶ್ಚಿಮ ಆಫ್ರಿಕಾದಿಂದ ಗುಲಾಮರ ಹಡಗಿನಲ್ಲಿ 1761ರಲ್ಲಿ ಬಾಸ್ಟನ್ನಿಗೆ ಬಂದಾಗ ಫಿಲ್ಲಿಸ್ ವೀಟ್ಲಿಗೆ ಸುಮಾರು ಏಳು ವರ್ಷ. 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವಳ ಸಂಕಲನದಲ್ಲಿ ಆ ಕಾಲದ ಇಂಗ್ಲಿಷ್ ಕವಿಗಳು ಮೆಚ್ಚುತ್ತಿದ್ದ ಪ್ರಾಸಬದ್ಧ ದ್ವಿಪದಿಗಳೇ ತುಂಬಿವೆ. ಆದರೂ ಇವು ಅವಳೇ ಬರೆದ ಕವಿತೆಗಳೆಂದು ಗವರ್ನರ್ ಸೇರಿದಂತೆ ಬಾಸ್ಟನ್ನಿನ 18 ಮಂದಿ ಗಣ್ಯರು ಸಹಿ ಹಾಕಿದ ಹೇಳಿಕೆಯನ್ನು ಪುಸ್ತಕದೊಳಗೇ ಮುದ್ರಿಸಬೇಕಾಯಿತು. ಅಂದು ಕಸುಬನ್ನು ಕಂಡವರು ಕವಿಯನ್ನು ಶಂಕಿಸಿದರು. ಇಂದು ಕವಿಯನ್ನು ಒಪ್ಪಿದವರು ಕಸುಬನ್ನು ಕಾಣುವುದಿಲ್ಲ.

ಆಕ್ರೋಶದ ಕವಿತೆಯನ್ನೇ ತೆಗೆದುಕೊಳ್ಳೋಣ. 1919ರ ಬೇಸಿಗೆಯಲ್ಲಿ ಷಿಕಾಗೊ, ವಾಷಿಂಗ್ಟನ್ ಮೊದಲಾದ ನಗರಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆರಗಿದ ಹೊತ್ತಿನಲ್ಲಿ, ಜಮೈಕಾದಿಂದ ಬಂದಿದ್ದ ಕ್ಲಾಡ್ ಮೆಕೆ, ಸಾಯಲೇಬೇಕಾದರೆ ಹೋರಾಡುತ್ತ ಸಾಯೋಣವೆಂಬ ಕವಿತೆ ಬರೆದ. ಅದು ಷೇಕ್ಸ್‌ಪಿಯರನ ಪ್ರಾಸಕ್ರಮವನ್ನು ಪಾಲಿಸಿದ ಸುನೀತ. ಆ ಹದಿನಾಲ್ಕು ಸಾಲುಗಳ ಬಿಗಿಯಿಲ್ಲದಿದ್ದರೆ ಆ ಸಿಟ್ಟಿಗೆ ಅಷ್ಟು ಮೊನೆ ಬರುತ್ತಿರಲಿಲ್ಲ.

ಇನ್ನು ಅನುಭವದ ಮಾತು. 1950ರಲ್ಲಿ ಅಮೆರಿಕದ ಪ್ರತಿಷ್ಠಿತ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಗ್ವೆಂಡೊಲಿನ್ ಬ್ರೂಕ್ಸ್, ಷಿಕಾಗೊದ ಇಕ್ಕಟ್ಟಾದ ಬಾಡಿಗೆ ಕೋಣೆಗಳ ಬಗ್ಗೆ ಬರೆದ ಕವಿತೆಯಲ್ಲಿ, ಈರುಳ್ಳಿಯ ಹೊಗೆಯ ನಡುವೆ ಕನಸೊಂದು ಬದುಕೀತೇ ಎಂದು ಯೋಚಿಸುವವರು, ಬಚ್ಚಲುಮನೆ ಖಾಲಿಯಾದ ಕೂಡಲೇ ಉಗುರುಬೆಚ್ಚಗಿನ ನೀರಿನ ಆಸೆಗೆ ಆ ಯೋಚನೆಯನ್ನೇ ಬಿಡುತ್ತಾರೆ. ರಾಬರ್ಟ್ ಹೇಡನ್ನನ ಕವಿತೆಯಲ್ಲಿ ದುಡಿದು ಕೈ ಬಿರಿದ ತಂದೆ ಭಾನುವಾರವೂ ಚಳಿಯಲ್ಲಿ ಎದ್ದು ಒಲೆ ಹೊತ್ತಿಸುತ್ತಾನೆ, ಮಗನ ಬೂಟು ಹೊಳಪಿಸುತ್ತಾನೆ. ಯಾರೂ ಅವನಿಗೆ ಕೃತಜ್ಞತೆ ಹೇಳುವುದಿಲ್ಲ. ಅಲ್ಲಿ ಬಣ್ಣದ ಮಾತೇ ಇಲ್ಲ. ತರಗತಿಯಲ್ಲಿ ಮೊದಲು ಓದಿಸಬೇಕಾದದ್ದು ಈ ಕವಿತೆಯೆಂದೇ ನನ್ನ ದೃಢವಾದ ಅಭಿಪ್ರಾಯ.

ಇಷ್ಟಾದ ಮೇಲೆ ಕಪ್ಪು ಜನರ ಆಡುಮಾತಿನ ವಿಷಯವನ್ನೂ ಹೇಳಲೇಬೇಕು, ಯಾರೂ ಕೇಳದಿದ್ದರೂ. ಗುಲಾಮರಾಗಿದ್ದವರ ಮಗ ಪಾಲ್ ಲಾರೆನ್ಸ್ ಡನ್‌ಬಾರ್ ಶಿಷ್ಟ ಇಂಗ್ಲಿಷಿನಲ್ಲೂ ಆಡುನುಡಿಯಲ್ಲೂ ಬರೆದ. 1896ರಲ್ಲಿ ಪ್ರಸಿದ್ಧ ವಿಮರ್ಶಕನೊಬ್ಬ ಆಡುನುಡಿಯ ಪದ್ಯಗಳನ್ನೇ ಎತ್ತಿಹಿಡಿದ ಮೇಲೆ ಓದುಗರಿಗೆ ಅವೇ ಬೇಕಾದವು. ಡನ್‌ಬಾರ್ ಇದಕ್ಕಾಗಿ ಕೊನೆಯವರೆಗೂ ನೊಂದ. ಆ ನುಡಿಗೆ ನಗಿಸುವುದು, ಕರುಣೆ ಹುಟ್ಟಿಸುವುದು ಎಂಬ ಎರಡೇ ಸ್ವರಗಳಿವೆ ಎಂದು ಕಪ್ಪು ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ 1922ರಲ್ಲಿ ಬರೆದ. ಹತ್ತು ವರ್ಷಗಳ ನಂತರ ಸ್ಟರ್ಲಿಂಗ್ ಬ್ರೌನ್ ಅಮೆರಿಕದ ದಕ್ಷಿಣ ರಾಜ್ಯಗಳ ದುಡಿಮೆಯ ಹಾಡು, ಬ್ಲೂಸ್ ಎಂಬ ಕಪ್ಪು ಜನರ ನೋವಿನ ಹಾಡುಗಳ ಲಯದಲ್ಲಿ ಅದೇ ಜನರ ಮಾತಿನಿಂದ ಘನವಾದ ಸಂಕಲನವೊಂದನ್ನು ಕಟ್ಟಿದಾಗ, ಅದಕ್ಕೆ ಮೆಚ್ಚುಗೆಯ ಮುನ್ನುಡಿ ಬರೆದವನು ಅದೇ ಜಾನ್ಸನ್.