ಉಪ್ಪಿನಕಾಯಿ ಭರಣಿಗೂ ಡ್ರಿಪ್ ಪೈಪಿಗೂ ಒಂದೇ ನಿಯಮ

ಬೆಳಿಗ್ಗೆ ಎಂಟೂವರೆಗೆ ವಾರ್ಡಿನ ಒಂದು ಮೂಲೆಯಲ್ಲಿ ಹಾಳೆ, ಪೆನ್ನು ಹಿಡಿದು ನಿಲ್ಲುತ್ತೇನೆ. ಅರ್ಧ ಗಂಟೆ ಯಾರ ಮುಖವನ್ನೂ ನೋಡುವುದಿಲ್ಲ, ಕೈ ಮಾತ್ರ ನೋಡುತ್ತೇನೆ. ಡಾಕ್ಟರ ಕೈ, ಸಿಸ್ಟರ ಕೈ, ರಕ್ತ ತೆಗೆಯಲು ಬಂದ ಲ್ಯಾಬ್ ಹುಡುಗನ ಕೈ, ಆಯಾಗಳ ಕೈ. ಎಷ್ಟು ಸಲ ತೊಳೆಯಬೇಕಿತ್ತು, ಎಷ್ಟು ಸಲ ತೊಳೆದರು ಎಂದು ಗುರುತು ಹಾಕಿಕೊಳ್ಳುತ್ತೇನೆ. ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳುವ ನನ್ನಂಥ ಇನ್ಫೆಕ್ಷನ್ ಕಂಟ್ರೋಲ್ ನರ್ಸ್‌ಗೆ ಇದು ದೊಡ್ಡ ಕೆಲಸ.

ಆ ಹಾಳೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯುವವರು ಜಾಸ್ತಿ, ಮುಟ್ಟುವ ಮೊದಲು ತೊಳೆಯುವವರು ಕಡಿಮೆ. ರಕ್ತ, ಕೀವು ತಾಗಿದರೆ ಯಾರೂ ಹೇಳಬೇಕಿಲ್ಲ, ಓಡಿ ಹೋಗಿ ತೊಳೆದುಕೊಳ್ಳುತ್ತಾರೆ. ಅದರಿಂದ ಹೆಚ್ಚಾಗಿ ಉಳಿಯುವುದು ನಾವು, ನಮ್ಮ ಮುಂದಿನ ರೋಗಿ. ಎದುರಿಗೆ ಮಲಗಿರುವವರು ಉಳಿಯಬೇಕಾದರೆ ಮೊದಲೇ ತೊಳೆಯಬೇಕು. ಆಗ ಕೈ ನೋಡಲು ಚೊಕ್ಕಟವಾಗಿಯೇ ಇರುತ್ತದೆ. ಅದಕ್ಕೇ ಮರೆತುಹೋಗುತ್ತದೆ.

ಹೊಸದಾಗಿ ಸೇರಿದ ನರ್ಸ್‌ಗಳಿಗೆ ನಾನು ಉಪ್ಪಿನಕಾಯಿ ಭರಣಿ ನೆನಪಿಸುತ್ತೇನೆ. ಭರಣಿಗೆ ಕೈ ಹಾಕುವ ಮೊದಲು ತೊಳೆದು ಚೆನ್ನಾಗಿ ಒರೆಸಿಕೋ ಎಂದು ಅಜ್ಜಿ ಗದರುತ್ತಿದ್ದರು, ಅಲ್ವಾ? ಆಮೇಲೆ ತೊಳೆದರೆ ನಿನ್ನ ಕೈಯ ಖಾರ ಹೋಗುತ್ತದೆ, ಭರಣಿಗೆ ಬಂದ ಬೂಷ್ಟು ಹೋಗುವುದಿಲ್ಲ. ರೋಗಿಯ ನರಕ್ಕೆ ಹಾಕಿದ ಸೂಜಿ, ಗಂಟಲಿನ ಪೈಪ್, ಮೂತ್ರದ ಪೈಪ್ ಎಲ್ಲವೂ ಬಾಯಿ ತೆರೆದ ಭರಣಿಗಳೇ. ಹೊರಗಿನ ಕ್ರಿಮಿಗೆ ಚರ್ಮ ಅಡ್ಡ ನಿಂತಿತ್ತು. ನಾವೇ ಅದರಲ್ಲಿ ದಾರಿ ಮಾಡಿಕೊಟ್ಟಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ನಮ್ಮಂಥ ದೇಶಗಳಲ್ಲಿ ಆಸ್ಪತ್ರೆಗೆ ಸೇರುವ ಪ್ರತಿ 100 ಜನರಲ್ಲಿ 15 ಮಂದಿಗೆ ಅಲ್ಲಿಯೇ ಒಂದಲ್ಲ ಒಂದು ಸೋಂಕು ತಗಲುತ್ತದೆ. ಶ್ರೀಮಂತ ದೇಶಗಳಲ್ಲಿ ಈ ಸಂಖ್ಯೆ 7. ಬಂದಿದ್ದು ಒಂದು ಕಾಯಿಲೆಗೆ, ನರಳುವುದು ಇನ್ನೊಂದಕ್ಕೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಒಣಗುವ ವಿಚಾರ. ಮಂಚದ ಬಳಿ ಇಡುವ ಸ್ಪಿರಿಟ್ ದ್ರಾವಣವನ್ನು ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲ ಕಡೆ 20ರಿಂದ 30 ಸೆಕೆಂಡ್ ಉಜ್ಜಬೇಕು, ಕೈ ಪೂರ್ತಿ ಒಣಗಬೇಕು. ಒದ್ದೆ ಇರುವಷ್ಟು ಹೊತ್ತು ಅದು ಕೆಲಸ ಮಾಡುತ್ತಿರುತ್ತದೆ. ಕೈ ಕೊಳೆಯಾಗಿದ್ದರೆ, ಇಲ್ಲವೇ ರೋಗಿಗೆ ಭೇದಿಯಾಗುತ್ತಿದ್ದರೆ, ಸೋಪು ನೀರೇ ಬೇಕು. ಭೇದಿ ತರುವ ಕೆಲವು ಕ್ರಿಮಿಗಳ ಬೀಜಕಣಗಳು ಸ್ಪಿರಿಟ್‌ಗೆ ಸಾಯುವುದಿಲ್ಲ.

ಒಂದು ದಿನ ಒಬ್ಬ ಸಿಸ್ಟರ್ ಡ್ರಿಪ್ ಪೈಪಿನ ಇಂಜೆಕ್ಷನ್ ಕೊಡುವ ಬಾಯಿಗೆ ಸ್ಪಿರಿಟ್ ಹತ್ತಿ ಸುಮ್ನೆ ಮುಟ್ಟಿಸಿ, ಮರುಕ್ಷಣವೇ ಸಿರಿಂಜ್ ಒತ್ತಿದಳು. 15 ಸೆಕೆಂಡಾದರೂ ಉಜ್ಜಿ, ಒಣಗಲು ಬಿಡಬೇಕು. ಕೇಳಿದರೆ, "ಮೇಡಂ, ಹತ್ತು ಗಂಟೆ ಡೋಸ್ ಇನ್ನೂ ಎಂಟು ಜನಕ್ಕೆ ಬಾಕಿ ಇದೆ" ಎಂದಳು. ಅವಳು ಹೇಳಿದ್ದು ನಿಜ. ಬೈದು ಪ್ರಯೋಜನವಿಲ್ಲ. ಸಿಂಕ್ ವಾರ್ಡಿನ ಆ ತುದಿಯಲ್ಲಿದ್ದು, ನರ್ಸ್‌ಗಳು ಇಬ್ಬರೇ ಇದ್ದರೆ ಎಂಥ ಒಳ್ಳೆಯವರ ಕೈಯೂ ತಪ್ಪುತ್ತದೆ. ಪ್ರತಿ ಮಂಚದ ಕಾಲ ಬಳಿ ಒಂದು ಬಾಟಲಿ ತೂಗುಹಾಕಿ, ಜನರನ್ನು ಹೆಚ್ಚಿಸಿ ಎಂದು ನಾನು ಆಡಳಿತದವರ ಬೆನ್ನು ಬೀಳುವುದು ಇದಕ್ಕಾಗಿಯೇ.

ಗ್ಲೌಸ್ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಗ್ಲೌಸ್ ಹಾಕಿದ ತಕ್ಷಣ ಧೈರ್ಯ ಬಂದುಬಿಡುತ್ತದೆ. ಅದೇ ಗ್ಲೌಸ್‌ನಲ್ಲಿ ಮೂತ್ರದ ಚೀಲ ಖಾಲಿ ಮಾಡಿ, ಮಂಚದ ಕಂಬಿ ಹಿಡಿದು, ಫೈಲ್ ತಿರುವಿ, ಜೇಬಿನ ಮೊಬೈಲ್ ತೆಗೆದವರನ್ನು ಕಣ್ಣಾರೆ ನೋಡಿದ್ದೇನೆ. ಐಸಿಯುಗಳಲ್ಲಿ ನಮ್ಮನ್ನು ಕಾಡುವ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣಗಿದ ಕಂಬಿಯ ಮೇಲೂ ವಾರಗಟ್ಟಲೆ ಬದುಕಿರಬಲ್ಲದು. ಅನೇಕ ಆಂಟಿಬಯೋಟಿಕ್‌ಗಳಿಗೆ ಅದು ಬಗ್ಗುವುದೂ ಇಲ್ಲ. ಒಬ್ಬ ರೋಗಿಗೆ ಒಂದು ಜೊತೆ ಗ್ಲೌಸ್. ಅದೇ ರೋಗಿಯಲ್ಲೂ ಕೊಳೆ ಕೆಲಸ ಮುಗಿಸಿ ಶುದ್ಧ ಕೆಲಸಕ್ಕೆ ಹೋಗುವಾಗ ಬದಲಿಸಲೇಬೇಕು. ತೆಗೆದ ಮೇಲೆ ಮತ್ತೆ ಕೈ ಶುದ್ಧ ಮಾಡಿಕೊಳ್ಳಬೇಕು.

ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ತಾತ ಒಬ್ಬರಿದ್ದರು. ಮೂರನೇ ದಿನಕ್ಕೆ ವಾಕರ್ ಹಿಡಿದು ಬಾತ್‌ರೂಮಿನವರೆಗೆ ನಡೆದರು. ಮೂತ್ರದ ಪೈಪ್ ಮಾತ್ರ ಹಾಗೇ ಇತ್ತು. ತೆಗೆಯಿರಿ ಎಂದು ಯಾರೂ ಬರೆದಿರಲಿಲ್ಲ, ತೆಗೆಯೋಣವೇ ಎಂದು ನಾವೂ ಕೇಳಲಿಲ್ಲ. ಎಂಟನೇ ದಿನ ಚಳಿ ಜ್ವರ ಬಂತು. ಮೂರು ಕಂಬಳಿ ಹೊದಿಸಿದರೂ ಮಂಚ ನಡುಗುತ್ತಿತ್ತು. ಅವರು ಬದುಕಿ ಮನೆಗೆ ಹೋದರು, ಆದರೆ ಎರಡು ವಾರ ತಡವಾಗಿ. ಪೈಪ್ ಇರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ 3ರಿಂದ 7ರಷ್ಟು ಇರುತ್ತದೆ. ಅಂದಿನಿಂದ ನನ್ನ ರೌಂಡ್ಸ್‌ನಲ್ಲಿ ಪ್ರತಿ ಮಂಚದ ಮುಂದೆಯೂ ಒಂದೇ ಪ್ರಶ್ನೆ: ಈ ಪೈಪ್ ಇವತ್ತೂ ಬೇಕಾ?

ರೋಗಿಯ ಜೊತೆ ಇರುವವರೂ ಈ ಪ್ರಶ್ನೆ ಕೇಳಬಹುದು. "ಡಾಕ್ಟ್ರೇ, ಇದು ಇನ್ನೂ ಬೇಕಾ?" ಅಂದರೆ ಒಳ್ಳೆಯ ಡಾಕ್ಟರಿಗೆ ಬೇಜಾರಾಗುವುದಿಲ್ಲ. ಸ್ಕ್ಯಾನಿಂಗ್‌ಗೆ ಸ್ಟ್ರೆಚರ್ ಮೇಲೆ ಒಯ್ಯುವಾಗ ಪ್ರೀತಿಯಿಂದ ಮೂತ್ರದ ಚೀಲವನ್ನು ಎತ್ತಿ ರೋಗಿಯ ಹೊಟ್ಟೆಯ ಮೇಲೆ ಇಡುತ್ತೀರಲ್ಲ, ಅದು ಬೇಡ. ಚೀಲದಲ್ಲಿದ್ದದ್ದು ಹಿಂದಕ್ಕೆ ಹರಿಯುತ್ತದೆ. ಅದು ಸೊಂಟಕ್ಕಿಂತ ಕೆಳಗೆ ತೂಗುತ್ತಿರಲಿ, ನೆಲಕ್ಕೆ ತಾಗದಿರಲಿ. ನೆಗಡಿ ಕೆಮ್ಮು ಇದ್ದವರು ನೋಡಲು ಬರುವುದು ಬೇಡ, ಫೋನ್ ಮಾಡಲಿ. ಪಕ್ಕದ ಮಂಚದವರಿಗೆ ಸಹಾಯ ಮಾಡಿ ಬಂದರೆ ನಿಮ್ಮವರನ್ನು ಮುಟ್ಟುವ ಮೊದಲು ನೀವೂ ಕೈ ಉಜ್ಜಿಕೊಳ್ಳಿ. ಸೂಜಿ ಹಾಕಿದ ಜಾಗ ಕೆಂಪಾದರೆ, ಊದಿದರೆ, ನೋವು ಬಂದರೆ, ಪ್ಲಾಸ್ಟರ್ ಒದ್ದೆಯಾದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಸಿಸ್ಟರನ್ನು ಎಬ್ಬಿಸಿ ಕರೆಯಿರಿ.